ಮಗಳಿಗೊಂದು ಪತ್ರ: ಫ್ರಿಜ್ ಮೇಲಿರುವ ಗ್ಲೌಸ್

ಪುಟ್ಟಿ,

ಒಂದೇ ಮನೆಯಲ್ಲಿದ್ದುಕೊಂಡು ಅಮ್ಮ ಪತ್ರ ಬರೆದಿದ್ದಾಳಲ್ಲ ಅಂತ ನಗಬೇಡ. ಶನಿವಾರದಿಂದ ನಿನ್ನ ರೂಮಿನ ಬಾಗಿಲು ಹಾಕಿಯೇ ಇದೆ. ಊಟಕ್ಕೆ ಕರೆದರೆ "ಆಮೇಲೆ" ಅನ್ನುತ್ತೀಯ. ನಾನು ಬಾಯಿ ಬಿಟ್ಟರೆ ಜಗಳವಾಗುತ್ತೆ, ನಮ್ಮಿಬ್ಬರ ಬುದ್ಧಿ ಗೊತ್ತಲ್ಲ. ಅದಕ್ಕೇ ಅಂಗಡಿ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ಬರೆಯುತ್ತಿದ್ದೇನೆ. ಹಿಂದುಗಡೆ ಯಾರದೋ ಬ್ಲೌಸಿನ ಅಳತೆ ಇದೆ, ಅದನ್ನ ಓದಬೇಡ.

ಈ ವರ್ಷ ನಿಮ್ಮ ಫುಟ್ಬಾಲ್ ಟೀಮಿನ ಆಟಕ್ಕೆಲ್ಲ ನಾನು ಬಂದು ಕೂರುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಶುರುವಾಗಿದ್ದು ಜೆರ್ಸಿಯಿಂದ. ಹದಿನಾಲ್ಕು ಜೆರ್ಸಿಗೆ ನಂಬರ್ ಹೊಲಿದುಕೊಡು ಅಂದೆ. ಆ ಜಾರುವ ಬಟ್ಟೆಗೆ ಎಂಟರ ಹೊಟ್ಟೆ ದುಂಡಗೆ ಕೂರಿಸೋದು ಎಷ್ಟು ಕಷ್ಟ ಅಂತ ನಿನಗೇನು ಗೊತ್ತು. ಅಷ್ಟು ಹೊಲಿದ ಮೇಲೆ ಮೈಮೇಲೆ ಹೇಗೆ ಕಾಣುತ್ತೆ ಅಂತ ನೋಡೋಕೆ ಬಂದೆ. ಬಂದರೆ ಹದಿನಾಲ್ಕರಲ್ಲಿ ಒಂಬತ್ತೇ ಜನ! ಉಳಿದವರಿಗೆಲ್ಲ ಇಂಟರ್ನಲ್ಸ್. "ಏಳು ಜನ ಇದ್ದರೂ ಆಟ ಶುರು ಮಾಡಬಹುದಮ್ಮ, ರೂಲಿದೆ" ಅಂತ ನೀನೇ ನನಗೆ ಸಮಾಧಾನ ಹೇಳಿದೆ. ನಾಲ್ಕು ಗೋಲು ಹೊಡೆಸಿಕೊಂಡು ಬಂದಿರಿ.

ಆಮೇಲೆ ಒಂದು ಡ್ರಾ, ಎರಡು ಗೆಲುವು. ಕ್ವಾರ್ಟರ್‌ಫೈನಲ್ ಒಂದು–ಸೊನ್ನೆ. ಆವತ್ತು ಕೊನೇ ಹತ್ತು ನಿಮಿಷ ನಾನು ಉಗುರು ಕಚ್ಚಿಕೊಂಡು ಕೂತಿದ್ದೆ.

ಆ ಗೆಲುವುಗಳಲ್ಲಿ ಆ ಗುಬ್ಬಿ ಊರಿನ ಹುಡುಗಿಯ ಪಾಲೆಷ್ಟು ಅಂತ ನೀನು ಮರೆತಿದ್ದೀಯ. ಹಳೇ ಗೋಲ್‌ಕೀಪರ್ ಕಾಲು ಉಳುಕಿಸಿಕೊಂಡಾಗ ಬೇರೆ ಯಾರೂ ಇರಲಿಲ್ಲ. ಇವಳು ಫಸ್ಟ್ ಇಯರ್, ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದವಳು. ಚೆಂಡು ಹಿಡಿಯೋಕೆ ಬರುತ್ತೆ ಅನ್ನುವ ಒಂದೇ ಕಾರಣಕ್ಕೆ ತಂದು ನಿಲ್ಲಿಸಿದಿರಿ. ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ ಅಂತ ನೀನು ಹೇಳಿದ ದಿನ ನಾನು ಸುಮ್ನೆ ಲೆಕ್ಕ ಹಾಕಿ ನೋಡಿದೆ. ಒಂದು ಸೀರೆಯನ್ನ ಬ್ಲೌಸ್ ಪೀಸ್ ಸಮೇತ ಬಿಚ್ಚಿ ಅಡ್ಡ ಹಿಡಿದರೂ ಇನ್ನೂ ಒಂದು ಮೀಟರ್ ಬಾಕಿ ಉಳಿಯುತ್ತೆ. ಅಷ್ಟಗಲಕ್ಕೆ ಒಬ್ಬಳೇ ಹುಡುಗಿ. ಅವಳೋ ನನ್ನ ಭುಜಕ್ಕೆ ಬರುತ್ತಾಳೆ.

ನಿನಗೆ ಹೇಳದೆ ಇರೋ ಒಂದು ವಿಷಯ ಇದೆ. ಸೆಮಿಫೈನಲ್‌ಗೆ ಎರಡು ದಿನ ಮುಂಚೆ ಅವಳು ಅಂಗಡಿಗೆ ಬಂದಿದ್ದಳು. ಬಲಗೈ ಗ್ಲೌಸಿನ ಹೆಬ್ಬೆರಳಿನ ಹೊಲಿಗೆ ಬಿಚ್ಚಿಕೊಂಡು ಬಾಯಿ ಬಿಟ್ಟಿತ್ತು. "ಆಂಟಿ, ಹೊಸದು ಕೇಳಿದರೆ ಅಪ್ಪ ಕೊಡಿಸ್ತಾರೆ, ಆದರೆ ಈ ತಿಂಗಳು ಕೇಳೋ ಹಾಗಿಲ್ಲ" ಅಂದಳು. ಅಂಗೈ ಕಡೆ ರಬ್ಬರಿನ ಹಾಗೆ ಮೆತ್ತಗಿರುತ್ತಲ್ಲ, ಅದು ಮೆಷಿನ್ನಿಗೆ ಅಂಟಿಕೊಂಡು ಮುಂದಕ್ಕೇ ಹೋಗಲಿಲ್ಲ. ನ್ಯೂಸ್‌ಪೇಪರ್ ತುಂಡು ಇಟ್ಟು ಅದರ ಮೇಲೆ ಹೊಲಿದು, ಆಮೇಲೆ ಪೇಪರ್ ಕಿತ್ತೆ. ಬೆರಳ ಸಂದಿಗೆ ಮೆಷಿನ್ ಹೋಗಲ್ಲ, ಅಲ್ಲಿ ಕೈಯಲ್ಲೇ ಹಾಕಿದೆ, ಜೋಡಿ ದಾರ. ಕೊನೆಗೆ ಗಂಟು ಒಳಗಡೆ ಬರಬೇಕಿತ್ತು. ಗಿರಾಕಿ ಕಾಯುತ್ತಿದ್ದರು, ಅವಸರದಲ್ಲಿ ಹೊರಗಡೆಯೇ ಬಿಟ್ಟೆ. ಕಾಳುಮೆಣಸಿನಷ್ಟು ದಪ್ಪ ಗಂಟು, ಸರಿಯಾಗಿ ಚೆಂಡು ಹಿಡಿಯೋ ಜಾಗದಲ್ಲಿ.

ಶನಿವಾರ ಸೆಮಿಫೈನಲ್‌ನಲ್ಲಿ ಚೆಂಡು ಜಾರಿ ಗೋಲಾಗಿದ್ದು ಮಳೆಯಿಂದಲೋ, ಗಂಟಿನಿಂದಲೋ, ಅವಳ ಕೈಯಿಂದಲೋ ನನಗೆ ತಿಳಿಯದು. ಆದರೆ ಆ ಗೋಲು ಎಲ್ಲಿಂದ ಶುರುವಾಯಿತು ಅಂತ ನಾನು ನೋಡಿದ್ದೇನೆ. ನೀನು ಡಿಫೆಂಡರ್, ಹಿಂದೆ ಇರಬೇಕಾದವಳು. ಇನ್ನು ಸ್ವಲ್ಪವೇ ಹೊತ್ತಿದೆ ಅಂತ ಚೆಂಡು ತಗೊಂಡು ಮೈದಾನದ ಅರ್ಧ ದಾಟಿದೆ. ಅಲ್ಲಿ ಕಳಕೊಂಡೆ. ವಾಪಸ್ ಓಡಿ ಬರುವಷ್ಟರಲ್ಲಿ ಆ ಕಡೆಯ ಹುಡುಗಿ ಒದ್ದಾಗಿತ್ತು. ಹೊಲಿಗೆ ಮೆಷಿನ್ ಮುಂದೆ ಕೂರೋಳಿಗೆ ಫುಟ್ಬಾಲ್ ಏನು ಗೊತ್ತು ಅಂತ ನೀನು ಅನ್ನಬಹುದು. ಎಲ್ಲಿ ಹೊಲಿಗೆ ಬಿಟ್ಟರೆ ಎಲ್ಲಿ ಹರಿಯುತ್ತೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು.

ಆಮೇಲೆ ನೀನು ಕೂಗಿದೆಯಲ್ಲ, "ಹಿಡಿಯೋಕೆ ಬರಲ್ಲ ಅಂದ್ರೆ ಯಾಕೆ ನಿಂತ್ಕೊಳ್ತೀಯ?" ಅಂತ. ಮೆಟ್ಟಿಲ ತನಕ ಕೇಳಿಸಿತು. ನನ್ನ ಪಕ್ಕದಲ್ಲಿ ಕೂತಿದ್ದದ್ದು ಅವಳ ಅಮ್ಮ. ಗುಬ್ಬಿಯಲ್ಲಿ ಬೆಳಗಿನ ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದರು. ಮಗಳ ಆಟ ನೋಡಿದ್ದು ಅದೇ ಮೊದಲು. ಆಟ ಮುಗಿದ ಮೇಲೆ ಎಲ್ಲರಿಗೂ ಕೊಡೋಣ ಅಂತ ದೊಡ್ಡ ಸ್ಟೀಲ್ ಡಬ್ಬಿ ತುಂಬ ಚಿತ್ರಾನ್ನ ತಂದಿದ್ದರು. ನನ್ನನ್ನು ಗ್ಲೌಸ್ ಹೊಲಿದುಕೊಟ್ಟ ಆಂಟಿ ಅಂತಷ್ಟೇ ಅವರಿಗೆ ಗೊತ್ತು. "ಆ ಕೂಗಿದ ಹುಡುಗಿ ಯಾರಮ್ಮ?" ಅಂತ ಕೇಳಿದರು.

"ಕ್ಯಾಪ್ಟನ್ ಅಂತೆ" ಅಂದೆ.

ನನ್ನ ಮಗಳು ಅಂತ ಬಾಯಿಗೆ ಬರಲಿಲ್ಲ ಕಣೇ. ಮೂರು ದಿನದಿಂದ ಅದೇ ಕೊರೀತಿದೆ. ನೀನು ಮಾಡಿದ್ದಕ್ಕಿಂತ ನಾನು ಮಾಡಿದ್ದು ಜಾಸ್ತಿ ತಪ್ಪು ಅನ್ನಿಸುತ್ತೆ.

ಕೊನೆಗೆ ಎದುರು ಟೀಮಿನ ಎಲ್ಲರಿಗೂ ಕೈ ಕೊಟ್ಟೆ, ಇವಳನ್ನ ಮಾತ್ರ ದಾಟಿಕೊಂಡು ಹೋದೆ. ಅವಳು ಗ್ಲೌಸ್ ಬಿಚ್ಚಿ ಕಂಬದ ಹತ್ತಿರ ಇಟ್ಟು ಹಾಗೇ ಹೊರಟುಹೋದಳು. ಅವಳಮ್ಮ ಡಬ್ಬಿ ತೆರೆಯಲೇ ಇಲ್ಲ. "ನೀವೇ ಮನೆಗೆ ತಗೊಂಡು ಹೋಗಿ, ಅಷ್ಟು ದೂರ ವಾಪಸ್ ಒಯ್ದರೆ ಹಳಸುತ್ತೆ" ಅಂತ ನನ್ನ ಕೈಗೆ ಕೊಟ್ಟರು. ಶನಿವಾರ ರಾತ್ರಿ ನೀನು ಬೇಡ ಅಂದ ಚಿತ್ರಾನ್ನ ಅದೇ.

2015 ನೆನಪಿದೆಯಾ? ಮೇ 31. ತಾತ ನಮ್ಮಿಬ್ಬರನ್ನ ಕಂಠೀರವ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗಿದ್ದರು. ಐ-ಲೀಗ್ ಅನ್ನೋ ಕ್ಲಬ್ ಫುಟ್ಬಾಲ್ ಟೂರ್ನಿಯ ಕೊನೇ ಮ್ಯಾಚ್, ಬೆಂಗಳೂರು ಎಫ್‌ಸಿಗೆ ಕೋಲ್ಕತ್ತಾದ ಮೋಹನ್ ಬಗಾನ್ ವಿರುದ್ಧ ಗೆಲ್ಲಲೇಬೇಕಿತ್ತು. ನಮ್ಮವರು ಒಂದು ಗೋಲು ಮುಂದೆ ಇದ್ದರು. 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಬಗಾನ್‌ನವರು ಸಮ ಮಾಡಿಬಿಟ್ಟರು. ಡ್ರಾ ಆಯಿತು, ಕಪ್ಪು ಅವರ ಪಾಲಾಯಿತು. ನಿನಗೆ ಒಂಬತ್ತು ವರ್ಷ. ವಾಪಸ್ ಬರುವಾಗ ಬಸ್ಸಲ್ಲಿ "ಗೋಲ್‌ಕೀಪರ್ ಯಾಕೆ ಹಿಡೀಲಿಲ್ಲ?" ಅಂತ ಕೆ.ಆರ್. ಪುರದ ತನಕ ಅಳುತ್ತಾ ಬಂದೆ.

ಆವತ್ತು ತಾತ ಹೇಳಿದ ಕಥೆ ನೀನು ನಿದ್ದೆಗೆ ಜಾರಿ ಅರ್ಧ ಕೇಳಿದ್ದೆ. 1948ರ ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದ ಮೇಲೆ ನಮ್ಮವರ ಮೊದಲ ಒಲಿಂಪಿಕ್ಸ್, ಎದುರು ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಭಾರತದ ಒಂದೇ ಒಂದು ಗೋಲು ಹೊಡೆದದ್ದು ನಮ್ಮ ಮೈಸೂರು ತಂಡದ ರಾಮನ್. ಇದನ್ನ ಹೇಳುವಾಗ ತಾತನ ಮೀಸೆ ನೋಡಬೇಕಿತ್ತು, ತಾನೇ ಹೊಡೆದ ಹಾಗೆ! ಆ ಮ್ಯಾಚಿನಲ್ಲಿ ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಹಾಳಾದವು. ಒಂದನ್ನ ಹಾಳು ಮಾಡಿದ್ದು ಶೈಲೇನ್ ಮನ್ನಾ, ನಿನ್ನ ಹಾಗೇ ಡಿಫೆಂಡರ್. 2–1ರಲ್ಲಿ ಸೋತರು. ಮೂರು ವರ್ಷ ಕಳೆದು 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್ ಆಯಿತು. ಇರಾನನ್ನ ಸೋಲಿಸಿ ಚಿನ್ನ ಗೆದ್ದ ಭಾರತ ತಂಡಕ್ಕೆ ಕ್ಯಾಪ್ಟನ್ ಯಾರು ಗೊತ್ತಾ? ಅದೇ ಮನ್ನಾ. ಪೆನಾಲ್ಟಿ ಹಾಳು ಮಾಡಿದವನನ್ನ ಯಾರೋ ಉಳಿಸಿಕೊಂಡಿದ್ದರಲ್ಲ ಅಂತ ತಾತ ಅಂದರು. ನೀನು ಆಗಲೇ ಗೊರಕೆ ಹೊಡೆಯುತ್ತಿದ್ದೆ.

ಆ ಗುಬ್ಬಿ ಊರಿನ ಹುಡುಗಿ ಟೀಮ್ ಬಿಡ್ತಾಳಂತೆ. ನಿನ್ನೆ ನಿಮ್ಮ ಹನ್ನೊಂದನೇ ನಂಬರ್ ಹುಡುಗಿ ಪ್ಯಾಂಟ್ ಕೊಡೋಕೆ ಬಂದವಳು ಹೇಳಿದಳು. ಪ್ರ್ಯಾಕ್ಟೀಸಿಗೆ ಬರ್ತಿಲ್ಲ, ಪಿಜಿಯಲ್ಲೇ ಇರ್ತಾಳಂತೆ. ನೀನು ಕ್ಯಾಪ್ಟನ್, ನೀನು ಹೋಗಬೇಕು. ಮೆಸೇಜ್ ಬೇಡ, ನೀನೇ ಹೋಗು. ಸಾರಿ ಅನ್ನೋಕೆ ನಾಚಿಕೆಯಾದರೆ ಮೊದಲು ನನ್ನ ಗಂಟಿನ ವಿಷಯ ಹೇಳು. ಬೈಸಿಕೊಳ್ಳೋಕೆ ನಾನಿದ್ದೇನೆ.

ಗ್ಲೌಸನ್ನ ಕಂಬದ ಹತ್ತಿರದಿಂದ ಎತ್ತಿಕೊಂಡು ಬಂದಿದ್ದೆ. ಮಣ್ಣು ತೊಳೆದು, ನೆರಳಲ್ಲಿ ಒಣಗಿಸಿ, ಹಳೇ ಹೊಲಿಗೆ ಪೂರ್ತಿ ಬಿಚ್ಚಿ ಹೊಸದಾಗಿ ಹಾಕಿದ್ದೇನೆ. ಈ ಸಲ ಗಂಟು ಒಳಗಡೆ ಇದೆ, ಕೈ ಹಾಕಿ ನೋಡು. ಫ್ರಿಜ್ ಮೇಲೆ ನೀಲಿ ಕವರಿನಲ್ಲಿದೆ. ಪಕ್ಕದಲ್ಲಿ ಅವರ ಡಬ್ಬಿ ಇದೆ. ಡಬ್ಬಿ ಬರಿದಾಗಿ ವಾಪಸ್ ಕೊಡಬಾರದು ಅಂತ ಕೋಡುಬಳೆ ಹಾಕಿದ್ದೇನೆ. ಎಣಿಸಿ ಇಟ್ಟಿದ್ದೇನೆ, ದಾರೀಲಿ ತಿನ್ನಬೇಡ. ಅವಳಮ್ಮನ ಫೋನ್ ನಂಬರ್ ಇಸ್ಕೊಂಡು ಬಾ. ಆ ಕೂಗಿದ ಹುಡುಗಿ ಯಾರು ಅಂತ ನಾನು ಅವರಿಗೆ ಹೇಳಬೇಕು.

ನಿನ್ನ,
ಅಮ್ಮ