ಹಿಂದಿನ ಬೆಂಚಿಗಾದರೂ ಬಾ

ಚಿತ್ರದುರ್ಗ
ಭಾನುವಾರ ಸಂಜೆ

ಕರ್ತನಾದ ಯೇಸುವಿನಲ್ಲಿ ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲು ಆಗಲಿಲ್ಲ. "ನಂಬಿಕೆನೇ ಇಲ್ಲದೆ ಹೋಗಿ ಚರ್ಚಿನಲ್ಲಿ ಕೂತರೆ ಅದು ನಾಟಕ ಅಲ್ವಾ ದೊಡ್ಡಪ್ಪ?" ಅಂದೆ. ನಾಲ್ಕು ದಿನದಿಂದ ಅದೇ ಮಾತು ತಲೆ ಕೊರೆಯುತ್ತಿದೆ. ಫೋನಿನಲ್ಲಾದರೆ ನಾನು ಪ್ರಸಂಗ ಶುರು ಮಾಡಿಬಿಡುತ್ತೇನೆ, ನೀನು ಸುಮ್ನೆ ಹ್ಞೂಂಗುಟ್ಟುತ್ತೀಯ. ಅದಕ್ಕೇ ಈ ಪತ್ರ.

ನಿಮ್ಮಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಿನಗೆ ಅಪ್ಪ, ನನಗೆ ಬೆನ್ನಿಗೆ ಬಿದ್ದ ತಮ್ಮ. ಐಸಿಯು ಹೊರಗೆ ನೀನು ಮೊಣಕಾಲೂರಿದಾಗ ಪಕ್ಕದಲ್ಲೇ ನಾನೂ ಊರಿದ್ದೆ. ದೇವರು ಯಾಕೆ ಕೇಳಲಿಲ್ಲ ಅನ್ನುವುದು ನನಗೂ ಗೊತ್ತಿಲ್ಲ. ಮನೆಗೆ ಬಂದವರೆಲ್ಲ "ದೇವರ ಚಿತ್ತ" ಅಂದಾಗ ನಿನಗೆ ಸಿಟ್ಟು ಬಂತಲ್ಲ, ನನಗೂ ಬಂತು. ನಲವತ್ತು ವರ್ಷ ಪಾಸ್ಟರಾಗಿ ಎಷ್ಟೋ ಮನೆಗಳಲ್ಲಿ ಇದೇ ಮಾತು ಹೇಳಿ ಬಂದವನು ನಾನು. ಅದು ನೆನಪಾಗಿ ಇನ್ನೂ ಜಾಸ್ತಿ ಬಂತು.

ಇದುವರೆಗೆ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ನಿಮ್ಮ ದೊಡ್ಡಮ್ಮ ತೀರಿಕೊಂಡಾಗ ನಾನು ದಾವಣಗೆರೆಯಲ್ಲಿ ಸಭಾಪಾಲಕನಾಗಿದ್ದೆ. ನೀನಾಗ ಸಂಡೇ ಸ್ಕೂಲಿನ ಕೂಸು. ಮಣ್ಣು ಮಾಡಿ ಬಂದ ಎರಡನೇ ಭಾನುವಾರ ನಾನೇ ಆರಾಧನೆ ನಡೆಸಲು ನಿಂತೆ. ಬೇಡ ಅಂದವರ ಮಾತು ಕೇಳಲಿಲ್ಲ. ನಾವು ನಂಬುವುದನ್ನೆಲ್ಲ ಎಲ್ಲರೂ ಎದ್ದು ನಿಂತು ಒಟ್ಟಿಗೆ ಹೇಳುವ ವಿಶ್ವಾಸಪ್ರಮಾಣದವರೆಗೆ ಹೇಗೋ ಬಂದೆ. "ಪಾಪಗಳ ಕ್ಷಮಾಪಣೆಯನ್ನೂ, ಶರೀರದ ಪುನರುತ್ಥಾನವನ್ನೂ" ಅನ್ನುವಲ್ಲಿಗೆ ಗಂಟಲು ಕಟ್ಟಿತು. ಹಿಂದಿನ ವಾರ ನನ್ನ ಕೈಯಾರೆ ಹಾಕಿದ ಹಿಡಿಮಣ್ಣು ಕಣ್ಣೆದುರಿಗೆ ಬಂತು. "ನಿತ್ಯಜೀವವನ್ನೂ ನಂಬುತ್ತೇನೆ" ಅನ್ನುವಷ್ಟೇ ಬಾಕಿ ಇತ್ತು. ಅದು ಬರಲೇ ಇಲ್ಲ. ಅಳು ಬಂದು ನಿಂತಿದ್ದಲ್ಲ ಪುಟ್ಟಿ, ಆ ಹೊತ್ತಿಗೆ ನಿಜಕ್ಕೂ ನಂಬಿಕೆ ಇರಲಿಲ್ಲ.

ಸಭೆ ನಿಲ್ಲಲಿಲ್ಲ. ಎಲ್ಲರೂ ಸೇರಿ "ನಂಬುತ್ತೇನೆ, ಆಮೆನ್" ಅಂದರು. ಎರಡನೇ ಸಾಲಿನಲ್ಲಿ ಒಬ್ಬ ಅಜ್ಜ ಕೂರುತ್ತಿದ್ದರು. ಹತ್ತಿ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ನಿಂತು ಕಿವಿ ಮಂದವಾಗಿತ್ತು. ಹಾಡಿರಲಿ, ಕರ್ತನ ಪ್ರಾರ್ಥನೆ ಇರಲಿ, ಯಾವಾಗಲೂ ಅರ್ಧ ಸಾಲು ಹಿಂದೆ. ಹುಡುಗರು ಮುಸಿಮುಸಿ ನಗುತ್ತಿದ್ದರು. ಅವತ್ತು ಎಲ್ಲರ ಆಮೆನ್ ಮುಗಿದು ಚರ್ಚು ಸುಮ್ಮನಾದ ಮೇಲೆ ಆ ಅಜ್ಜನ ಒಡಕು ದನಿಯೊಂದೇ ಕೇಳಿತು. "ನಂಬುತ್ತೇನೆ." ಆ ದನಿಯ ಹಿಂದೆಯೇ ಪಿಸುಗುಟ್ಟಿದಂತೆ ನಾನೂ ಅಂದೆ. ಮೈಕಿಗೂ ಕೇಳಿರಲಿಕ್ಕಿಲ್ಲ.

ಆಮೇಲೆ ಸುಮಾರು ಆರು ತಿಂಗಳು ನಾನು ಬದುಕಿದ್ದು ಹೀಗೆಯೇ, ಬೇರೆಯವರ ನಂಬಿಕೆಯನ್ನು ಕಡ ತಂದು. ಪ್ರಸಂಗ ಹೇಳುತ್ತಿದ್ದವನು ನಾನು, ಹೊತ್ತು ನಡೆಸುತ್ತಿದ್ದವರು ಅವರು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ. ಇದು ನಾಟಕವಾದರೆ ನಾನು ದೊಡ್ಡ ನಟ ಬಿಡು.

ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ಇನ್ನೊಂದು ಸಲ ಓದು. ಯೇಸುವಿನ ಶಿಷ್ಯ ತೋಮನನ್ನು ನಾವು ಸಂದೇಹದವನು ಅಂತ ಹಣೆಪಟ್ಟಿ ಹಚ್ಚಿ ಬಿಟ್ಟುಬಿಟ್ಟಿದ್ದೇವೆ. ಸತ್ತ ಯೇಸು ಎದ್ದು ಬಂದಿದ್ದಾನೆ ಅಂದಾಗ, ಆತನ ಗಾಯದಲ್ಲಿ ಬೆರಳಿಡದೆ ನಂಬುವುದೇ ಇಲ್ಲ ಅಂತ ಎಲ್ಲರ ಮುಂದೆ ಹೇಳಿದವನು ಅವನು. ಆದರೆ ಎಂಟು ದಿನ ಆದ ಮೇಲೂ ಅದೇ ಜನರ ಜೊತೆ, ಕದ ಮುಚ್ಚಿದ ಅದೇ ಮನೆಯಲ್ಲಿ ಕೂತಿದ್ದ. ನಂಬಿಕೆ ಇಲ್ಲದೆಯೇ ಕೂತಿದ್ದ. ಉಳಿದವರೂ ಅವನನ್ನು ಎದ್ದು ಹೋಗು ಅನ್ನಲಿಲ್ಲ. ಕರ್ತನು ಅವನಿಗೆ ಸಿಕ್ಕಿದ್ದು ಅಲ್ಲೇ.

ಮೊಬೈಲಿನಲ್ಲಿ ಆರಾಧನೆ ನೋಡುತ್ತೀನಿ ಅಂದೆ. ನೈಟ್ ಡ್ಯೂಟಿ ಮುಗಿಸಿ ಬಂದವಳು, ನೋಡು, ತಪ್ಪೇನಿಲ್ಲ. 2020ರ ಏಪ್ರಿಲ್ 12, ಲಾಕ್‌ಡೌನ್ ಈಸ್ಟರ್, ನಾನೂ ಹಾಗೇ ನೋಡಿದ್ದೆ. ಮೇಜಿನ ಮೇಲೆ ಸ್ಟೀಲ್ ಲೋಟಕ್ಕೆ ಫೋನ್ ಆನಿಸಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಬ್ಬನೇ ಹಾಡಿದೆ. ಹಾಡು ಚೆನ್ನಾಗಿಯೇ ಇತ್ತು. ಆದರೆ ಅರ್ಧ ಸಾಲು ಹಿಂದೆ ಹಾಡುವವರು ಯಾರೂ ಇರಲಿಲ್ಲ. ನಾನು ಮಧ್ಯೆ ಎದ್ದು ಹೋದರೂ ಆ ಫೋನಿಗೆ ಗೊತ್ತಾಗುತ್ತಿರಲಿಲ್ಲ.

ಚರ್ಚ್ ಕಮಿಟಿ ಜಗಳದ ಬಗ್ಗೆಯೂ ಅಂದೆಯಲ್ಲ. ಹೌದು, ಇದೆ. ಚುನಾವಣೆ ಬಂದರಂತೂ ಪಂಚಾಯಿತಿಯವರೇ ವಾಸಿ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯನ್ನೇ ತಗೋ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅಂತ ಬೇರೆ ಬೇರೆ ಇದ್ದವರು ಒಂದಾಗಬೇಕು ಅನ್ನುವ ಮಾತು ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾಗಿದ್ದು 1919ರಲ್ಲಿ. ಒಂದಾಗಿದ್ದು 1947ರ ಸೆಪ್ಟೆಂಬರ್ 27ಕ್ಕೆ. ಇಪ್ಪತ್ತೆಂಟು ವರ್ಷ! ದೇಶ ಸ್ವತಂತ್ರವಾಗಿ ಒಂದೂವರೆ ತಿಂಗಳಾಗಿತ್ತು. ನಾನಿದ್ದ ಒಂದು ಸಭೆಯಲ್ಲಿ ಇಬ್ಬರು ಹಿರಿಯರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಕಾಣಿಕೆಯಾಗಿ ತಂದ ಬೆಳೆಯನ್ನು ಚರ್ಚಿನಲ್ಲಿ ಕೂಗಿ ಮಾರುವ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಇಬ್ಬರೂ ಹಠಕ್ಕೆ ಬಿದ್ದು ಕೂಗಿದರು. ಚರ್ಚಿಗೆ ಎರಡು ಸೀಲಿಂಗ್ ಫ್ಯಾನ್ ಬಂದಿದ್ದು ಆ ಕುಂಬಳಕಾಯಿಯಿಂದ. ಮದುವೆ ಯಾವಾಗ ಅಂತ ಕೇಳುವ ಆಂಟಿಯರಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಚಿಕ್ಕವಳಿದ್ದಾಗ ನಿನ್ನನ್ನು ಕೋಟೆ ಮೇಲೆ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಒಳ್ಳೆ ಮಳೆಗಾಲ. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರಿನ ಸಂತೆ ಹೊಂಡಕ್ಕೆ ಅಂತ ನಿಮ್ಮಪ್ಪ ಬೆರಳು ಮಾಡಿ ತೋರಿಸಿದ್ದ. "ಕೆಳಗಿನ ಹೊಂಡಕ್ಕೆ ಮಳೆ ಬೀಳಲ್ವಾ?" ಅಂತ ನೀನು ಕೇಳಿದ್ದೆ. "ಬೀಳುತ್ತೆ, ಸಾಲಲ್ಲ" ಅಂದಿದ್ದ.

ಈಗ ಒಂದು ಕೆಲಸ ಹೇಳುತ್ತೇನೆ. ಹಾಡಬೇಡ, ಎದ್ದು ನಿಂತು ನಂಬಿಕೆಯ ಸಾಕ್ಷಿ ಹೇಳಬೇಡ, ಕಮಿಟಿಗೆ ನಿಲ್ಲಲೇಬೇಡ. ಡ್ಯೂಟಿ ಇಲ್ಲದ ಭಾನುವಾರ ಬಿಪಿ ಮಷಿನ್ ಬ್ಯಾಗಿಗೆ ಹಾಕಿಕೊಂಡು ಬಾ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸಿಕೊ. ಅಲ್ಲಿ ಬರುವ ಮುದುಕರಲ್ಲಿ ಅರ್ಧ ಜನ ಮಾತ್ರೆಯನ್ನು ಒಂದು ದಿನ ತಗೊಂಡರೆ ಎರಡು ದಿನ ಮರೆಯುವವರು. ಪಾಸ್ಟರ್ ಹೇಳಿದರೆ ಕೇಳುವುದಿಲ್ಲ, ನರ್ಸಮ್ಮ ಗದರಿದರೆ ಕೇಳುತ್ತಾರೆ. ಅಲ್ಲಿನ ಅಯ್ಯನವರಿಗೆ ನಾನು ಫೋನ್ ಮಾಡಿಲ್ಲ, ಮಾಡುವುದೂ ಇಲ್ಲ. ನೀನೇ ಹೋಗಿ ಕೇಳು.

ಬರುವ ತಿಂಗಳು ಮೊದಲನೇ ಭಾನುವಾರ ಬೆಳಗಿನ ಬಸ್ಸಿಗೆ ನಾನೇ ದಾವಣಗೆರೆಗೆ ಬರುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂರೋಣ. ವಿಶ್ವಾಸಪ್ರಮಾಣಕ್ಕೆ ಎದ್ದು ನಿಂತಾಗ ನಿನಗೆ ಬಾಯಿ ಬರದಿದ್ದರೆ ಸುಮ್ಮನಿರು, ನಿನ್ನ ಪಾಲಿನದ್ದನ್ನೂ ನಾನೇ ಹೇಳುತ್ತೇನೆ. ಆಮೇಲೆ ಬೆಣ್ಣೆ ದೋಸೆ ನಿನ್ನ ಖರ್ಚು. ನನ್ನ ಬಿಪಿ ಮಾತ್ರ ದೋಸೆಗೆ ಮೊದಲೇ ನೋಡಿಬಿಡು.

ಇಂತಿ,
ನಿನ್ನ ದೊಡ್ಡಪ್ಪ