ಜ್ವರದ ಸಿರಪ್‌ಗೆ ತೂಕ ನೋಡಿ, ಚಮಚವಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಬೆಂಗಳೂರಿನ ಮೆಡಿಕಲ್ ಶಾಪ್‌ಗಳಲ್ಲಿ ‘ಮಗೂಗೆ ಜ್ವರ, ಒಂದು ಸಿರಪ್ ಕೊಡಿ’ ಎಂಬ ಮಾತು ದಿನವಿಡೀ ಕೇಳಿಬರುತ್ತದೆ. ಮಗುವಿನ ತೂಕವನ್ನು ಅಂಗಡಿಯವರು ಕೇಳುವುದು ಅಪರೂಪ, ಪೋಷಕರು ತಾವಾಗಿ ಹೇಳುವುದು ಇನ್ನೂ ಅಪರೂಪ. ಆದರೆ ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕೆಂದು ತೀರ್ಮಾನವಾಗುವುದೇ ತೂಕದಿಂದ. ಪ್ರತಿ ಕೆ.ಜಿ.ಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್ ನಡುವೆ 4ರಿಂದ 6 ಗಂಟೆ ಬಿಡುವು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಜ್ವರ 101 ಇದ್ದರೂ 103 ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಎಡವಟ್ಟಾಗುವುದು ಬಾಟಲಿಯಲ್ಲಿ. ಒಂದೇ ಬ್ರ್ಯಾಂಡ್ ಹೆಸರಿನಲ್ಲಿ ಡ್ರಾಪ್ಸ್ ಬರುತ್ತದೆ, ಸಿರಪ್ಪೂ ಬರುತ್ತದೆ. ಡ್ರಾಪ್ಸ್‌ನ 1 ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧ ಇರುತ್ತದೆ. ಸಿರಪ್‌ನಲ್ಲಿ ಒಂದು ಬಗೆಗೆ 5 ಮಿ.ಲೀ.ಗೆ 120 ಅಥವಾ 125, ಇನ್ನೊಂದಕ್ಕೆ 240 ಅಥವಾ 250. ಡ್ರಾಪ್ಸ್ ಎಂದರೆ ಪುಟ್ಟ ಬಾಟಲಿ, ಹಸುಗೂಸಿನ ಔಷಧ, ಹಾಗಾಗಿ ಪವರ್ ಕಮ್ಮಿ ಎಂದುಕೊಳ್ಳುವವರೇ ಹೆಚ್ಚು. ವಾಸ್ತವದಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ. 10 ಕೆ.ಜಿ. ಮಗುವಿಗೆ 150 ಮಿಲಿಗ್ರಾಂ ಕೊಡಬೇಕಿದ್ದರೆ ಡ್ರಾಪ್ಸ್ ಒಂದೂವರೆ ಮಿ.ಲೀ., 250ರ ಸಿರಪ್ 3 ಮಿ.ಲೀ., 120ರದ್ದು ಸುಮಾರು 6 ಮಿ.ಲೀ. ಸಿರಪ್ ಕುಡಿಸಿ ರೂಢಿಯಾದವರು ಡ್ರಾಪ್ಸನ್ನೂ ಅದೇ 5 ಮಿ.ಲೀ. ಕುಡಿಸಿಬಿಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ, ದೊಡ್ಡವರು ನುಂಗುವ ಒಂದು ಇಡೀ ಮಾತ್ರೆ. ತಿರುಗುಮುರುಗಾಗಿ, ಡ್ರಾಪ್ಸ್‌ನ ಅಳತೆಯಲ್ಲೇ 120ರ ಸಿರಪ್ ಕೊಟ್ಟರೆ 36 ಮಿಲಿಗ್ರಾಂ ಮಾತ್ರ. ಜ್ವರ ಇಳಿಯುವುದಿಲ್ಲ, ‘ಇದು ಕೆಲಸ ಮಾಡ್ತಿಲ್ಲ, ಬೇರೆ ಸ್ಟ್ರಾಂಗ್ ಕೊಡಿ’ ಎಂದು ಮತ್ತೆ ಅಂಗಡಿಗೆ ಬರುತ್ತಾರೆ.

ಆ ‘ಸ್ಟ್ರಾಂಗ್’ ಬಗ್ಗೆಯೇ ನಮಗೆ ಹೆಚ್ಚು ಆತಂಕ. ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಬೆರೆತ ಸಿರಪ್, ಮೆಫೆನಮಿಕ್ ಆಸಿಡ್ ಸಿರಪ್, ಇವು ಜ್ವರ ಇಳಿಸುತ್ತವೆ, ನಿಜ. ಆದರೆ ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ; ವಾಂತಿಭೇದಿಯಿಂದ ಬಳಲಿದ ಮಗುವಿನ ಕಿಡ್ನಿಗೂ ಕೆಡುಕು. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸರ್ಕಾರ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು. ಡೆಂಗಿ ಅಲ್ಲವೆಂದು ಡಾಕ್ಟರ್ ಹೇಳುವ ತನಕ ಪ್ಯಾರಾಸಿಟಮಾಲ್ ಒಂದೇ ಸಾಕು. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ನಿಮೆಸುಲೈಡ್ ಅಂತೂ 12 ವರ್ಷದೊಳಗಿನವರಿಗೆ 2011ರಿಂದಲೇ ನಿಷೇಧ.

ನೆಗಡಿಯ ಸಿರಪ್‌ಗಳಲ್ಲೂ ಎಷ್ಟೋ ಸಲ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಎರಡೂ ಕೊಟ್ಟರೆ ಡೋಸ್ ಎರಡು ಪಟ್ಟು. ಲಿವರ್‌ಗೆ ಪೆಟ್ಟು ಬಿದ್ದರೂ ಮೊದಲ ದಿನ ಕಾಣುವುದು ವಾಂತಿ, ಮಂಕು ಅಷ್ಟೇ. ಅದನ್ನೂ ಜ್ವರದ ಲೆಕ್ಕಕ್ಕೇ ಹಾಕಿಬಿಡುತ್ತೇವೆ.

ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಕೆಲವೇ ರೂಪಾಯಿಗೆ ಸಿಗುತ್ತದೆ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಇಲ್ಲದಿದ್ದರೆ ಔಷಧ ತಳದಲ್ಲಿ ಕೂತು ಕೊನೆಯ ಡೋಸ್‌ಗಳು ಗಟ್ಟಿಯಾಗುತ್ತವೆ. ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಆರಾಮಾಗಿ ನಿದ್ದೆ ಹೋದ ಮಗುವನ್ನು ಜ್ವರದ ಔಷಧಕ್ಕೆಂದು ಎಬ್ಬಿಸಬೇಕಿಲ್ಲ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಮುಟ್ಟಿದರೆ ಮನೆಮದ್ದೂ ಬೇಡ, ಸಿರಪ್ಪೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. ಡೆಂಗಿಯಲ್ಲಿ ಜ್ವರ ಬಿಟ್ಟ ನಂತರದ ಒಂದೆರಡು ದಿನವೇ ಅಪಾಯದ ಹೊತ್ತು: ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ಆರು ಗಂಟೆಯಾದರೂ ಮೂತ್ರ ಇಲ್ಲ ಎಂದರೆ ಕಾಯಬೇಡಿ.

ಡಾಕ್ಟರುಗಳು ಚೀಟಿಯಲ್ಲಿ ‘ಒಂದು ಚಮಚ’ ಎಂದು ಬರೆಯುವುದನ್ನು ಬಿಟ್ಟು ಮಿ.ಲೀ. ಮತ್ತು ಯಾವ ಪವರ್ ಎಂಬುದನ್ನು ಬರೆಯಲಿ. ಔಷಧ ಅಂಗಡಿಯವರು ತೂಕ ಕೇಳಿ, ಬಾಟಲಿಯ ಮೇಲೆ ಪೆನ್ನಿನಿಂದ ಮಗುವಿನ ಕೆ.ಜಿ., ಮಿ.ಲೀ., ತಾರೀಖು ಬರೆದು ಕೊಡಲಿ. ಮಗು ಬೆಳೆದಂತೆ ಡೋಸ್ ಬದಲಾಗುವುದರಿಂದ ಆ ತಾರೀಖು ಮುಖ್ಯ.

— ಇಬ್ಬರು ಫಾರ್ಮಾಸಿಸ್ಟರು, ಮಲ್ಲೇಶ್ವರಂ, ಬೆಂಗಳೂರು