ಸೋರುವುದು ಬೇರೆ, ಶೀಟು ಬೆವರುವುದು ಬೇರೆ

ಮಾನ್ಯ ಸಂಪಾದಕರೇ,

ಶೀಟ್ ಚಾವಣಿ ಹಾಕುವುದು ನನ್ನ ಕಸುಬು. 20 ವರ್ಷ ದಾಟಿತು. ಚಳಿ ಶುರುವಾದರೆ ಸಾಕು, ಫೋನ್ ಬರುತ್ತದೆ: ‘ಮಳೆಯೇ ಇಲ್ಲ, ಆದರೂ ಚಾವಣಿ ಸೋರುತ್ತಿದೆ!’ ಮೊದಮೊದಲು ನಾನೂ ಸ್ಕ್ರೂ ಬಿಗಿ ಮಾಡಿ, ವಾಷರ್ ಬದಲಿಸಿ, ಸೀಲೆಂಟ್ ಬಳಿದು ಬರುತ್ತಿದ್ದೆ. ನಾಲ್ಕು ದಿನಕ್ಕೆ ಮತ್ತೆ ಅದೇ ದೂರು.

ಒಂದು ಮನೆಯಲ್ಲಿ ಬೆಳಗಿನ ಜಾವವೇ ಟಾರ್ಚ್ ಹಿಡಿದು ಸೀಲಿಂಗ್ ಮೇಲಕ್ಕೆ ಹತ್ತಿದೆ. ಶೀಟಿನ ಒಳಮೈ ತುಂಬ ಸಾಸಿವೆ ಗಾತ್ರದ ಹನಿ. ಪ್ರತಿ ಸ್ಕ್ರೂವಿನ ತುದಿಯಲ್ಲೂ ಒಂದೊಂದು ದಪ್ಪ ಹನಿ ನೇತಾಡುತ್ತಿತ್ತು. ಕೆಳಗಿದ್ದ ಗ್ಲಾಸ್‌ವುಲ್ (ಶಾಖ ತಡೆಯಲು ಹಾಸುವ ಗಾಜಿನ ನಾರಿನ ಹಾಸು) ಮುಟ್ಟಿದರೆ ತೊಪ್ಪೆ. ಮೂಲೆಯಲ್ಲಿ ನೋಡಿದರೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಪೈಪು ಹೊರಗೆ ಹೋಗದೆ ಅಲ್ಲೇ ಬಾಯಿ ಬಿಟ್ಟುಕೊಂಡಿತ್ತು. ಸ್ನಾನದ ಹಬೆಯೆಲ್ಲ ನೇರವಾಗಿ ಶೀಟಿಗೆ!

ತೆಳು ಶೀಟು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೋಡವಿಲ್ಲದ ರಾತ್ರಿ ಅದು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಂದು ಘನ ಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತದೆ, 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ ಅಷ್ಟೇ. ಮಿಕ್ಕಿದ್ದು ಶೀಟಿಗಂಟಿ ನೀರಾಗಲೇಬೇಕು ಅಲ್ವಾ?

ಆ ಮನೆಯಲ್ಲಿ ಪೈಪನ್ನು ಹೊರಕ್ಕೆ ತೆಗೆದೆವು. ವೈರು, ಲೈಟಿಗೆಂದು ಸೀಲಿಂಗ್‌ನಲ್ಲಿ ಕೊರೆದ ತೂತುಗಳನ್ನೆಲ್ಲ ಮುಚ್ಚಿದೆವು. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಸೀಲಿಂಗ್ ಹಲಗೆಯ ಮೂಲಕ ನುಸುಳುವ ತೇವಕ್ಕಿಂತ ಇಂಥ ಸಂದುಗಳಿಂದ ಗಾಳಿಯ ಜೊತೆ ಮೇಲೇರುವ ತೇವವೇ ಎಷ್ಟೋ ಪಾಲು ಜಾಸ್ತಿ. ನೆನೆದ ಗ್ಲಾಸ್‌ವುಲ್ ತೆಗೆದು ಹೊಸದು ಹಾಸಿದೆವು, ಅದಕ್ಕೂ ಶೀಟಿಗೂ ನಡುವೆ 50 ಮಿಲಿಮೀಟರ್ ಜಾಗ ಬಿಟ್ಟು. ಸೂರಿನಂಚಿನಲ್ಲಿ ಗಾಳಿ ಒಳಬರಲು, ನೆತ್ತಿಯಲ್ಲಿ ಹೊರಹೋಗಲು ದಾರಿ ಮಾಡಿದೆವು. ಹನಿ ನಿಂತಿತು.

ದೂಳು ಬರುತ್ತದೆಂದು ಈ ದಾರಿಗಳನ್ನು ಫೋಮ್ ತುರುಕಿ ಮುಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮುಚ್ಚಬೇಡಿ, ಸಣ್ಣ ಜಾಲರಿ ಹಾಕಿ ಸಾಕು.

ತೇವ ತಡೆಯುವ ಹಾಳೆಯ ಜಾಗವೂ ಮುಖ್ಯ. ಚಳಿ ಪ್ರದೇಶದಲ್ಲಿ ಅದು ಗ್ಲಾಸ್‌ವುಲ್‌ನ ಕೆಳಗೆ, ಅಂದರೆ ಬೆಚ್ಚಗಿನ ಕೋಣೆಯ ಕಡೆ ಇರಬೇಕು. ಸೆಕೆಯ ಊರಿನಲ್ಲಿ ಸದಾ ಎ.ಸಿ. ಓಡುವ ಕೋಣೆಯಾದರೆ ಲೆಕ್ಕ ತಿರುಗಾಮುರುಗಾ. ಹೊರಗಡೆಯೇ ಬೆಚ್ಚಗಿರುವುದರಿಂದ ಹಾಳೆ ಆ ಕಡೆಗೆ ಬರಬೇಕು.

ಸೀಲೆಂಟ್‌ಗೆ ದುಡ್ಡು ಸುರಿಯುವ ಮೊದಲು ಒಂದು ಕೆಲಸ ಮಾಡಿ. ಮಳೆಯಿಲ್ಲದ ಸಂಜೆ ಶೀಟಿನ ಒಳಮೈ ಒರೆಸಿಟ್ಟು, ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿ. ಎಲ್ಲ ಕಡೆ ಹನಿ ಕಂಡರೆ ಅದು ಸೋರಿಕೆಯಲ್ಲ.

ಸಂಪಾದಕರೇ, ಮನೆ ಕಟ್ಟುವ ಪುಟಗಳಲ್ಲಿ ಶೀಟಿನ ಬಣ್ಣ, ಹೊಳಪಿನ ಚಿತ್ರ ಬರುತ್ತಲೇ ಇರುತ್ತವೆ. ಶೀಟಿನ ಕೆಳಗೆ ಏನಿರಬೇಕು ಎಂಬುದರ ಒಂದು ಚಿತ್ರವನ್ನೂ ದಯವಿಟ್ಟು ಹಾಕಿ.

– ಒಬ್ಬ ಚಾವಣಿ ಕೆಲಸಗಾರ